ಗದ್ದ ಮುಂದೆ ಬಂದರೆ ರಾಜಯೋಗ

ಚೀನಾದ ಮಿಂಗ್ ವಂಶ ಕಟ್ಟಿದ ಹಾಂಗ್‌ವು ದೊರೆಯ 'ಅಸಲಿ ಮುಖ'ವನ್ನು ಎಐ ಕಂಡುಹಿಡಿದಿದೆಯಂತೆ. ಆ ಥರದ ವಿಡಿಯೋ ನಿಮಗೂ ಬಂದಿರುತ್ತದೆ ಬಿಡಿ. 1398ರಲ್ಲಿ ತೀರಿಕೊಂಡವನು ಶಾಂಪೂ ಜಾಹೀರಾತಿನ ಹುಡುಗನ ಹಾಗೆ ಕತ್ತು ತಿರುಗಿಸಿ ನಗುತ್ತಾನೆ. ಆಹಾ, ಏನು ರಾಜಕಳೆ!

ರಾಜಕಳೆ ಹಚ್ಚುವ ಕೆಲಸಕ್ಕೆ ಎಐ ತೀರಾ ಲೇಟಾಗಿ ಬಂತು. ಈ ದೊರೆಗೆ ಮೊದಲೇ ಎರಡು ಮುಖ. ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂನಲ್ಲಿ ಎರಡೂ ಬಗೆಯ ಚಿತ್ರಗಳಿವೆ. ಒಂದರಲ್ಲಿ ದುಂಡು ಮುಖ, ಹಳದಿ ನಿಲುವಂಗಿ, ಶಾಂತ ನೋಟ. ಇನ್ನೊಂದರಲ್ಲಿ ಗದ್ದ ಎಲ್ಲಕ್ಕಿಂತ ಮುಂದೆ ಹೊರಟಿದೆ, ಮುಖದ ತುಂಬ ಮಚ್ಚೆ. ಅಕ್ಕಪಕ್ಕ ಇಟ್ಟರೆ ದೂರದ ನೆಂಟರು ಅಂತಲೂ ಅನ್ನಿಸುವುದಿಲ್ಲ.

ಚೆಂದದ ಮುಖದ ಕಥೆಯನ್ನು ಮುಂದಿನ ಶತಮಾನದಲ್ಲಿ ಲು ರೋಂಗ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಚಿತ್ರಗಾರರು ಇದ್ದದ್ದು ಇದ್ದ ಹಾಗೆ ಬರೆದರು, ದೊರೆಗೆ ಹಿಡಿಸಲಿಲ್ಲ. ಆಮೇಲೊಬ್ಬ ಬಂದ. ದೊರೆಯ ಮನಸ್ಸು ಓದಿದ. ಹೋಲಿಕೆ ಚೂರು ಉಳಿಸಿಕೊಂಡು ಮುಖಕ್ಕೆ ಕರುಣೆ ಬಳಿದ. ದೊರೆ ಖುಷಿಯಾಗಿ ಪ್ರತಿ ಮಾಡಿಸಿ ಮಕ್ಕಳಿಗೆಲ್ಲ ಹಂಚಿದ.

ಹಾಗಾದರೆ ಗದ್ದದ ಚಿತ್ರವೇ ನಿಜ ಅಂತೀರಾ? ಮಜಾ ಇರುವುದೇ ಅಲ್ಲಿ. ಅದೂ ಹೊಗಳಿಕೆಯೇ ಇರಬಹುದು ಅಂತಾರೆ ಕೆಲವು ವಿದ್ವಾಂಸರು. ಚೀನಾದ ಸಾಮುದ್ರಿಕ ಶಾಸ್ತ್ರದಲ್ಲಿ ಹಣೆ, ಮೂಗು, ಗದ್ದ, ಎರಡು ಕೆನ್ನೆ ಸೇರಿ ಐದು ಪವಿತ್ರ ಬೆಟ್ಟಗಳು. ಬೆಟ್ಟ ಎದ್ದು ನಿಂತಷ್ಟೂ ಯೋಗ ಜಾಸ್ತಿ. ಮಚ್ಚೆಯೇನು ಕಮ್ಮಿಯೇ? ಹಾನ್ ವಂಶದ ಮೊದಲ ದೊರೆ ಲಿಯು ಬಾಂಗನ ಎಡತೊಡೆಯಲ್ಲಿ 72 ಮಚ್ಚೆ ಇದ್ದವಂತೆ! ಎಣಿಸಿದ ಪುಣ್ಯಾತ್ಮ ಯಾರೋ.

ಅಂದರೆ ಚೆಂದ ಇದ್ದರೂ ರಾಜ, ವಿಕಾರ ಇದ್ದರೂ ರಾಜ. ಹಾಂಗ್‌ವು 1344ರ ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ಮಠ ಸೇರಿ, ಭಿಕ್ಷಾಪಾತ್ರೆ ಹಿಡಿದು ಊರೂರು ಅಲೆದನಲ್ಲ, ಆಗಲೂ ಅದೇ ಗದ್ದ. ಆಗ ಮಾತ್ರ ಬೆಟ್ಟ ಯಾರಿಗೂ ಕಾಣಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೂ ಒಂದು ಶಾಸ್ತ್ರ!

ಅವನ ಮಗ ಝು ಡಿಯದು ಇನ್ನೂ ಚೆನ್ನಾಗಿದೆ. ಯುವಾನ್ ಗೊಂಗ್ ಎಂಬ ಮುಖ ನೋಡುವವನು, ನಲವತ್ತು ತುಂಬಿ ಗಡ್ಡ ಹೊಕ್ಕುಳು ದಾಟಿದಾಗ ನಿಮಗೆ ಪಟ್ಟ ಅಂದನಂತೆ. ಅಪ್ಪ ಸತ್ತ ಮೇಲೆ ಪಟ್ಟದಲ್ಲಿ ಅಣ್ಣನ ಮಗ ಕೂತ. ಝು ಡಿ 1399ರಿಂದ 1402ರ ತನಕ ಯುದ್ಧ ಮಾಡಿ ಅವನನ್ನು ಕಿತ್ತೆಸೆದ. ಕೀರ್ತಿಯೆಲ್ಲ ಗಡ್ಡಕ್ಕೆ. ಭವಿಷ್ಯ ಹೇಳಿದವನಿಗೆ ಸರ್ಕಾರಿ ನೌಕರಿ. ಸತ್ತ ಸೈನಿಕರ ಮುಖದಲ್ಲಿ ಏನು ಬರೆದಿತ್ತೋ, ಅದನ್ನು ಓದೋಕೆ ಯಾರಿಗೂ ಸಂಬಳ ಕೊಟ್ಟಿರಲಿಲ್ಲ.

ಸಾಕು. ನಗು ಬರ್ತಾ ಇಲ್ಲ. ಈ ಹಾಂಗ್‌ವು 1380ರಲ್ಲಿ ತನ್ನ ಪ್ರಧಾನಿ ಹು ವೇಯೊಂಗ್‌ನನ್ನು ಪಿತೂರಿಯ ಹೆಸರಲ್ಲಿ ಕೊಲ್ಲಿಸಿದ. ಅದೇ ನೆಪದಲ್ಲಿ ವರ್ಷಗಟ್ಟಲೆ ತಲೆ ಉರುಳಿದವು, ಸುಮಾರು 30,000 ಅಂತ ಲೆಕ್ಕ. 1393ರಲ್ಲಿ ಸೇನಾಪತಿ ಲಾನ್ ಯುನ ಸರದಿ. ಮತ್ತೆ 15,000. ಗಂಡಸರು ಸತ್ತರು, ಮನೆಮಂದಿ ಸತ್ತರು, ಪರಿಚಯ ಇದ್ದವರೂ ಸತ್ತರು. ನಾವು ಮಾತ್ರ ಆರುನೂರು ವರ್ಷದ ಮೇಲೂ ಇವನ ಗದ್ದ ಎಷ್ಟು ಉದ್ದ ಅಂತ ಚರ್ಚೆ ಮಾಡ್ತಾ ಕೂತಿದ್ದೀವಿ. ಉದ್ದ ಇದ್ದರೆಷ್ಟು, ಗಿಡ್ಡ ಇದ್ದರೆಷ್ಟು? ಆ ಸಾವುಗಳಿಗೆ ಯಾವ ಮಚ್ಚೆ ಹೊಣೆ, ಅದನ್ನು ಹೇಳಿ ಮೊದಲು.