ಗೇರ್ ಪಕ್ಕದ ಚಿಕ್ಕ ಲಿವರ್

ಭಾನುವಾರ ಸಂಜೆ ಕೆಆರ್‌ಎಸ್ ಹಿನ್ನೀರಿನಲ್ಲಿ, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದಿಂದ ಸ್ವಲ್ಪ ಆಚೆ, ಒಂದು ಬಿಳಿ ಗಾಡಿ ಹೊಟ್ಟೆಯವರೆಗೆ ಹೂತುಕೊಂಡಿತ್ತು. ಹೊಚ್ಚ ಹೊಸ ಫೋರ್ ಬೈ ಫೋರ್. ಅಗಲದ ಟೈರು, ಮೇಲೆ ಸಾಲು ಲೈಟು. ಓಡಿಸುತ್ತಿದ್ದವರು ಆಕ್ಸಿಲರೇಟರ್ ತುಳಿದೇ ತುಳಿದರು. ಹಿಂದಿನ ಎರಡು ಚಕ್ರ ಗಿರ್ರನೆ ತಿರುಗಿ ಕೆಸರು ಹಾರಿಸುತ್ತಿದ್ದವು. ಮುಂದಿನ ಚಕ್ರಗಳು ಅಲ್ಲಾಡಲೇ ಇಲ್ಲ. ಅಂದರೆ ಗೇರ್ ಪಕ್ಕದ ಚಿಕ್ಕ ಲಿವರ್ ಇನ್ನೂ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಕೊಡುವ ಟೂ ಹೈನಲ್ಲೇ ಇತ್ತು! ಹತ್ತು ನಿಮಿಷ ಕಳೆದ ಮೇಲೆ ಪಕ್ಕದಲ್ಲಿದ್ದವರು ಯಾರೋ ಹೇಳಿ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಹೈಗೆ ಹಾಕಿಸಿದರು. ಅಷ್ಟರಲ್ಲಿ ಹಿಂದಿನ ಆಕ್ಸಲ್ಲಿನ ಹೌಸಿಂಗ್, ಅಂದರೆ ಹೊರಗಿನ ಕಬ್ಬಿಣದ ಕವಚ, ಮಣ್ಣಿನ ಮೇಲೆ ಕೂತುಬಿಟ್ಟಿತ್ತು. ಕೊನೆಗೆ ಹೊಲದಿಂದ ಟ್ರ್ಯಾಕ್ಟರ್ ಕರೆಸಿ, ಸರಪಳಿಯನ್ನು ಬಂಪರಿಗೆ ಕಟ್ಟಿ ಎಳೆದರು. ಗಾಡಿ ಬಂತು, ಬಂಪರ್ ಬಾಗಿತು.

ನನ್ನನ್ನು ಬಲ್ಲವರಿಗೆ ಗೊತ್ತು, ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಮೈಸೂರಿನ ರಿಂಗ್ ರೋಡಿನಲ್ಲಿ ಕಾಲು ಗಂಟೆ ನಿಂತರೆ ಥಾರ್, ಜಿಮ್ನಿ, ಗೂರ್ಖಾ ಎಷ್ಟು ಹೋಗುತ್ತವೆ ನೋಡಿ. ಸಂತೋಷವೇ. ಆದರೆ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಕೊಂಡದ್ದೇ ಆ ಲಿವರ್‌ಗಾಗಿ ಕಣ್ರೀ. ಅದನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅಂತ ತಿಳಿಯದೆ ನೀರಿಗಿಳಿಸುತ್ತಾರಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಗಾಡಿ ಕೊಡುವ ದಿನ ಮೊಬೈಲ್ ಜೋಡಿಸುವುದನ್ನು ಅರ್ಧ ಗಂಟೆ ಹೇಳಿಕೊಡುತ್ತಾರೆ. ಲಿವರ್ ಬಗ್ಗೆ "ಇದು ಫೋರ್ ಬೈ ಫೋರ್ ಸರ್" ಅಂದರೆ ಮುಗಿಯಿತು.

ಆ ಲಿವರ್ ನಿನ್ನೆ ಮೊನ್ನೆಯದಲ್ಲ. 1940ರಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಗುರ ಗಾಡಿ ಬೇಕೆಂದಾಗ, ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮಾದರಿ ತಯಾರಿಸಿ ಸೆಪ್ಟೆಂಬರ್ 23ರಂದು ಒಪ್ಪಿಸಿತು. ದೊಡ್ಡ ಆರ್ಡರ್ ಮಾತ್ರ ವಿಲ್ಲೀಸ್ ಮತ್ತು ಫೋರ್ಡ್ ಪಾಲಾಯಿತು. ಯುದ್ಧ ಮುಗಿಯುವಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ಅದರಲ್ಲಿ ಮೂರು ಲಿವರ್: ಒಂದು ಗೇರಿನದು, ಒಂದು ಮುಂದಿನ ಆಕ್ಸಲ್ ಸೇರಿಸಿ ಬಿಡಿಸಲು, ಇನ್ನೊಂದು ಹೈ-ಲೋ (ಮಾಮೂಲಿ ವೇಗ, ನಿಧಾನವಾದರೂ ಹೆಚ್ಚು ಬಲ) ಬದಲಿಸಲು. ಮುಂದಿನ ಆಕ್ಸಲ್ ಸೇರಿಸದೆ ಲೋಗೆ ಹಾಕಲು ಆಗದಂತೆ ಒಳಗೇ ತಡೆ ಇಟ್ಟಿದ್ದರು. ಲೋನಲ್ಲಿ ಹೆಚ್ಚಾಗುವ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬಿದ್ದರೆ ಶಾಫ್ಟ್ ಮುರಿಯುತ್ತದೆ, ಅದಕ್ಕೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರದವರು ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸುವ ಹಕ್ಕು ಪಡೆದರು. ಸಿಜೆ-3ಬಿ ದಶಕಗಟ್ಟಲೆ ಓಡಿತು, ಆಮೇಲೆ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. 1985ರ ಡಿಸೆಂಬರಿನಲ್ಲಿ ಒಂದು ಟನ್ನಿಗಿಂತ ಹಗುರವಾದ ಮಾರುತಿ ಜಿಪ್ಸಿ, 2010ರಲ್ಲಿ ಮೊದಲ ಥಾರ್, 2020ರಲ್ಲಿ ಎರಡನೆಯದು, 2023ರಲ್ಲಿ ಐದು ಬಾಗಿಲಿನ ಜಿಮ್ನಿ. ಮೂರು ಲಿವರ್ ಎರಡಾದವು, ಕೆಲವು ಗಾಡಿಗಳಲ್ಲಿ ಸ್ವಿಚ್ಚಾಯಿತು. ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಒಳಗಿನ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್, ಮಾಡುವ ಕೆಲಸ ಮಾತ್ರ ಅದೇ.

ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ. ಮಳೆ ಬಂತು ಅಂತ ಬೆಂಗಳೂರು ಹೈವೇಯಲ್ಲಿ ಫೋರ್ ಹೈ ಹಾಕಿಕೊಂಡು ಬರುತ್ತಾರೆ. ನಮ್ಮಲ್ಲಿ ಮಾರಾಟವಾಗುವ ಈ ಗಾಡಿಗಳಲ್ಲಿ ಹೆಚ್ಚಿನವು ಪಾರ್ಟ್ ಟೈಮ್ ಫೋರ್ ಬೈ ಫೋರ್. ಲಿವರ್ ಹಾಕಿದ ಕೂಡಲೇ ಆಕ್ಸಲ್‌ಗೆ ಬಲ ಒಯ್ಯುವ ಮುಂದಿನ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ನೇರ ಹೋದರೆ ಚಿಂತೆಯಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಲೆಕ್ಕ ಹಾಕಿ ನೋಡಿ: ಮೂರು ಬಾಗಿಲಿನ ಥಾರ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ, 2.45 ಮೀಟರ್. ಹಿಂದಿನ ಆಕ್ಸಲ್ 6 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು ಸುಮಾರು 6.48 ಮೀಟರಿನಲ್ಲಿ ತಿರುಗಬೇಕು. ಒಂದು ಯು ಟರ್ನ್ ತೆಗೆದರೆ ಎರಡರ ನಡುವೆ ಒಂದೂವರೆ ಮೀಟರ್ ವ್ಯತ್ಯಾಸ, ಅಂದರೆ ಟೈರಿನ ಅರ್ಧ ಸುತ್ತಿಗಿಂತ ಹೆಚ್ಚು. ಮಣ್ಣಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ತೀರಿಸಿಕೊಳ್ಳುತ್ತದೆ. ಟಾರಿನಲ್ಲಿ ಜಾರುವುದಿಲ್ಲ. ಆ ತಿರುಚು ಶಾಫ್ಟು, ಶಾಫ್ಟಿನ ಕೀಲಾದ ಯುಜೆ ಕ್ರಾಸು, ಟ್ರಾನ್ಸ್‌ಫರ್ ಕೇಸಿನ ಒಳಗೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಎಳೆಯುತ್ತದೆ, ಟೈರು ಕಿರ್ ಅನ್ನುತ್ತದೆ, ಆಮೇಲೆ ಲಿವರ್ ವಾಪಸ್ ಬರುವುದೇ ಇಲ್ಲ. ಆಗ ಗುದ್ದಾಡಬೇಡಿ. ಸ್ಟೇರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ರಿವರ್ಸ್ ಹೋಗಿ. ತಿರುಚು ಬಿಚ್ಚಿಕೊಂಡು ಲಿವರ್ ಬೆಣ್ಣೆಯ ಹಾಗೆ ಜಾರುತ್ತದೆ.

ಹಾಗಂತ ವರ್ಷವಿಡೀ ಮುಟ್ಟದೆ ಇಡುವುದೂ ತಪ್ಪು. ತಿಂಗಳಿಗೊಮ್ಮೆಯಾದರೂ ಮಣ್ಣು ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಫೋರ್ ಹೈನಲ್ಲಿ ಓಡಿಸಿ. ಮುಂದಿನ ಡಿಫರೆನ್ಷಿಯಲ್ಲಿನ ಆಯಿಲ್ ಓಡಾಡಬೇಕು, ಲಿವರಿನ ಜಾಯಿಂಟು ಹಿಡಿದುಕೊಳ್ಳಬಾರದು.

ಫೋರ್ ಲೋ ಕಡೆಗಂತೂ ಯಾರೂ ತಿರುಗಿಯೂ ನೋಡುವುದಿಲ್ಲ. ಥಾರ್‌ನಲ್ಲಿ ಅದರ ಅನುಪಾತ 2.48. ಮೊದಲ ಗೇರಿನಲ್ಲಿ ಗಂಟೆಗೆ 8 ಕಿಲೋಮೀಟರ್ ಹೋಗುವ ಕಡೆ ಎಂಜಿನ್ ಅದೇ ವೇಗದಲ್ಲಿ ತಿರುಗುತ್ತಿದ್ದರೂ ಗಾಡಿ 3 ಕಿಲೋಮೀಟರ್ ಚಿಲ್ಲರೆಯಲ್ಲಿ ತೆವಳುತ್ತದೆ, ಚಕ್ರಕ್ಕೆ ಸಿಗುವ ಬಲ ಎರಡೂವರೆ ಪಟ್ಟು. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಆಮೇಲೆ ಲಿವರ್ ಲೋಗೆ ತಳ್ಳಿ. ಓಡುತ್ತಿರುವಾಗ ಹಾಕಿದರೆ ಗೇರಿನ ಹಲ್ಲು ಕಚ್ಚುತ್ತದೆ. ಕಡಿದಾದ ಇಳಿಜಾರಿಗೆ ಇದಕ್ಕಿಂತ ದೊಡ್ಡ ರಕ್ಷಣೆಯಿಲ್ಲ: ಲೋ, ಮೊದಲ ಗೇರು, ಕ್ಲಚ್ಚಿನ ಮೇಲೆ ಕಾಲೇ ಬೇಡ, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಏರುವಾಗ ನಡುವೆ ನಿಂತುಹೋದರೆ ಗಾಡಿಯನ್ನು ಅಡ್ಡ ತಿರುಗಿಸಬೇಡಿ, ಉರುಳುತ್ತದೆ. ಲೋನಲ್ಲೇ ರಿವರ್ಸ್ ಹಾಕಿ ಬಂದ ದಾರಿಯಲ್ಲೇ ನೇರ ಇಳಿಯಿರಿ.

ಫೋರ್ ಬೈ ಫೋರ್ ಅಂದರೆ ನಾಲ್ಕೂ ಚಕ್ರ ಯಾವಾಗಲೂ ಎಳೆಯುತ್ತವೆ ಅನ್ನುವುದೂ ತಪ್ಪು ತಿಳಿವಳಿಕೆ. ಮುಂದೊಂದು ಹಿಂದೊಂದು ಚಕ್ರ ಓರೆಯಾಗಿ ಹಳ್ಳದ ಮೇಲೆ ತೇಲಿದರೆ ಸಾದಾ ಡಿಫರೆನ್ಷಿಯಲ್ ಆ ತೇಲಿದ ಚಕ್ರಗಳನ್ನೇ ತಿರುಗಿಸುತ್ತದೆ, ನೆಲದಲ್ಲಿರುವವು ಸುಮ್ಮನಿರುತ್ತವೆ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ, ಎಡ ಬಲ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಲಾಕ್ ಇದೆ, ಕೈಯಿಂದ ಹಾಕಬೇಕು. ಜಿಮ್ನಿ, ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಬಲವನ್ನು ಆಚೆ ಕಳಿಸುತ್ತದೆ. ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದೆ ಮೆಕ್ಯಾನಿಕಲ್ ಲಾಕ್ ಇರುತ್ತದೆ. ಎಡ ಬಲ ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಅದು ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಿರುವುದು ಹಗುರವಾಗಿ, ಒಂದೇ ಸಮನೆ ಒತ್ತಿದ ಆಕ್ಸಿಲರೇಟರ್. ಭರ್ರೆಂದು ತುಳಿದರೆ ಲಾಕ್ ಬೀಳುವ ಗಳಿಗೆಯಲ್ಲಿ ಇಡೀ ಏಟು ಅದರ ಹಲ್ಲಿನ ಮೇಲೆ. ಅಂದಹಾಗೆ, 2023ರಿಂದ ಹಿಂದಿನ ಚಕ್ರದ ಎಳೆತ ಮಾತ್ರ ಇರುವ ಥಾರ್ ಕೂಡ ಮಾರಾಟದಲ್ಲಿದೆ. ಹೊರಗಿನಿಂದ ನೋಡಲು ಒಂದೇ ಥರ. ಅದರಲ್ಲಿ ಆ ಲಿವರ್ರೇ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಾಗಿಲು ತೆರೆದ ಕೂಡಲೇ ಅದನ್ನು ನೋಡಿ.

"ಮಂಡ್ಯದ ಕಡೆ ಕಮಾಂಡರ್ ಜೀಪುಗಳು ಟೂ ವೀಲ್ ಡ್ರೈವಲ್ಲೇ ಟಾಪಿನ ಮೇಲೂ ಜನ ಹತ್ತಿಸಿಕೊಂಡು ನಾಲೆ ಏರಿ ಮೇಲೆ ಓಡ್ತಿರಲಿಲ್ವಾ?" ಅಂತ ಕೇಳುವವರಿದ್ದಾರೆ. ಓಡುತ್ತಿದ್ದವು, ಒಪ್ಪುತ್ತೇನೆ. ಆದರೆ ಆ ಡ್ರೈವರುಗಳಿಗೆ ದಾರಿಯ ಒಂದೊಂದು ಗುಂಡಿಯೂ ಬಾಯಿಪಾಠವಾಗಿತ್ತು, ಹಿಂದಿನ ಆಕ್ಸಲ್ ಮೇಲೆ ಹತ್ತು ಜನರ ಭಾರವಿತ್ತು, ಟೈರು ಸಣ್ಣದಾಗಿ ಎತ್ತರವಾಗಿತ್ತು. ಅವರು ಹಿನ್ನೀರಿನ ಹೂಳಿಗೆ ಇಳಿಸುತ್ತಲೂ ಇರಲಿಲ್ಲ. "ಈಗ ಎಲ್ಲ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತೆ ಗುರೂ" ಅನ್ನುವವರಿಗೂ ಒಂದು ಮಾತು. ನಾಲ್ಕೂ ಚಕ್ರ ಒಟ್ಟಿಗೆ ಜಾರುವ ಕಡೆ ಯಾವ ಚಕ್ರಕ್ಕೆ ಬ್ರೇಕ್ ಹಾಕಿದರೂ ಉಪಯೋಗವಿಲ್ಲ. ಮೇಲಾಗಿ ಜಾರುವುದನ್ನು ಕಂಡು, ಗಾಡಿ ಹತೋಟಿ ತಪ್ಪದಂತೆ ಕಾಯುವ ಇಎಸ್‌ಪಿ ಎಂಜಿನ್ನಿನ ಬಲವನ್ನೇ ಇಳಿಸುತ್ತದೆ. ಫೋರ್ ಹೈನಲ್ಲಿ ಹೂಳು ದಾಟುವ ಮೊದಲು ಇಎಸ್‌ಪಿ ಸ್ವಿಚ್ ಒತ್ತಿ ಅದನ್ನು ಆಫ್ ಮಾಡಬೇಕು. ಇದನ್ನೂ ಯಾರೂ ಹೇಳಿಕೊಡುವುದಿಲ್ಲ.

ಹಿನ್ನೀರಿನ ನೆಲ ನೋಡಲು ಮೋಸ. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ. ಬೇಸಿಗೆಯಲ್ಲಿ ನೀರು ಸರಿದ ಮೇಲೆ ಬಯಲಾಗುವ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ನಾಲ್ಕು ಬೆರಳು ಕೆಳಗೆ ಅಂಬಲಿ. ಗಾಡಿ ಬಿಡುವ ಮೊದಲು ಇಳಿದು ನಡೆಯಿರಿ. ಹಿಮ್ಮಡಿಯಿಂದ ಬಲವಾಗಿ ಗುದ್ದಿದಾಗ ನೆಲ ಅಲುಗಾಡಿದರೆ ಅಲ್ಲಿಗೇ ವಾಪಸ್. ಹೋಗಲೇಬೇಕಾದರೆ ಲಿವರ್ ಗಟ್ಟಿ ನೆಲದಲ್ಲಿರುವಾಗಲೇ ಹಾಕಿ, ಹೂತ ಮೇಲಲ್ಲ. ಟೈರಿನ ಗಾಳಿ 15ರಿಂದ 18 ಪಿಎಸ್‌ಐಗೆ ಇಳಿಸಿ. ಟೈರು ನೆಲಕ್ಕೆ ತಾಗುವ ಜಾಗ ಉದ್ದವಾಗಿ ಭಾರ ಹಂಚಿಹೋಗುತ್ತದೆ. ಅದಕ್ಕಿಂತ ಕೆಳಗೆ ಇಳಿಸಿ ಸ್ಟೇರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರಿಗೆ ಹತ್ತುವ ಮೊದಲು ಗಾಳಿ ತುಂಬಿಸಲೇಬೇಕು, ಇಲ್ಲವಾದರೆ ಪಕ್ಕದ ಗೋಡೆ ಕಾದು ಸಿಡಿಯುತ್ತದೆ. 12 ವೋಲ್ಟಿನ ಕಂಪ್ರೆಸರ್ ಒಂದು ಗಾಡಿಯಲ್ಲಿರಲಿ. ಸಾಲು ಲೈಟಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ.

ಹೂತರೆ ಮೊದಲ ಕೆಲಸ ಕಾಲು ತೆಗೆಯುವುದು. ಒಂದೊಂದು ಸುತ್ತಿಗೂ ಗಾಡಿ ಇನ್ನಷ್ಟು ಕುಸಿಯುತ್ತದೆ. ಗುದ್ದಲಿಯಿಂದ ಚಕ್ರದ ಮುಂದಿನ ಮಣ್ಣು ಇಳಿಜಾರಾಗಿ ತೆಗೆಯಿರಿ, ಹೌಸಿಂಗ್ ಕೆಳಗೆ ಖಾಲಿ ಮಾಡಿ. ಜಾಕಿಯ ಬುಡಕ್ಕೆ ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆ ಇಲ್ಲದಿದ್ದರೆ ಗಾಡಿ ಏಳುವ ಬದಲು ಜಾಕಿ ಇಳಿಯುತ್ತದೆ. ಚಕ್ರದ ಕೆಳಗೆ ಗೋಣಿಚೀಲ, ಹಸಿ ಕಬ್ಬಿನ ಸೋಗೆ, ಏನು ಸಿಕ್ಕರೂ ತುರುಕಿ. ಆಮೇಲೆ ಫೋರ್ ಲೋ, ಎರಡನೇ ಗೇರು, ಮೆಲ್ಲಗೆ.

ಎಳೆಸುವುದಾದರೆ ಬಂಪರಿಗೆ ಕಟ್ಟಬೇಡಿ. ಎಳೆಯಲೆಂದೇ ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆ ಇದ್ದರೆ ಅದಕ್ಕೇ ಕಟ್ಟಿ. ಹಿಂದೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೂ ಕಟ್ಟಬೇಡಿ, ಅದು ಮುರಿದರೆ ಗುಂಡಿನಂತೆ ಹಾರುತ್ತದೆ. ಸರಪಳಿಗೆ ಹಿಗ್ಗುವ ಗುಣವಿಲ್ಲ, ಟ್ರ್ಯಾಕ್ಟರ್ ಜಗ್ಗಿದ ಏಟೆಲ್ಲ ಒಂದೇ ಕೊಂಡಿಯ ಮೇಲೆ. ಹಿಗ್ಗುವ ರಿಕವರಿ ಹಗ್ಗ ಒಳ್ಳೆಯದು. 4.75 ಟನ್ ಭಾರ ತಡೆಯುವ ಡಿ ಶ್ಯಾಕಲ್ (ಪಿನ್ ಇರುವ ಉಕ್ಕಿನ ಕೊಂಡಿ) ಹಾಕಿ, ಪಿನ್ ಪೂರ್ತಿ ಬಿಗಿದು ಕಾಲು ಸುತ್ತು ಹಿಂದೆ ತಿರುಗಿಸಿ, ಇಲ್ಲವಾದರೆ ಎಳೆದ ಮೇಲೆ ಬಿಚ್ಚಲು ಬರುವುದಿಲ್ಲ. ಹಗ್ಗದ ನಡುವೆ ಒಂದು ದಪ್ಪ ಕಂಬಳಿ ಹೊದಿಸಿ. ಹಗ್ಗ ಎಷ್ಟು ಉದ್ದವೋ ಅದರ ಒಂದೂವರೆಯಷ್ಟು ದೂರ ಎಲ್ಲರೂ ನಿಲ್ಲಲಿ. ಭಾನುವಾರ ಆ ಸರಪಳಿಯ ಪಕ್ಕದಲ್ಲೇ ಚಿಕ್ಕ ಮಕ್ಕಳು ನಿಂತು ವಿಡಿಯೋ ಮಾಡುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

ನೀರಿನ ವಿಷಯ. ಥಾರ್ ದಾಟಬಲ್ಲ ನೀರಿನ ಆಳ 650 ಮಿಲಿಮೀಟರ್. ಅದರ 18 ಇಂಚಿನ ರಿಮ್ಮಿನ ಟೈರಿನ ಎತ್ತರವೇ ಸುಮಾರು 789 ಮಿಲಿಮೀಟರ್. ಅಂದರೆ ಟೈರಿನ ಮೇಲ್ತುದಿಗಿಂತ ಸುಮಾರು ಐದೂವರೆ ಇಂಚು ಕೆಳಗೇ ಮಿತಿ ಮುಗಿಯಿತು. ಅದೂ ನಿಂತ ನೀರಿನ ಲೆಕ್ಕ, ಎಡಮುರಿ ಬಲಮುರಿಯ ಹರಿಯುವ ನೀರಿನದ್ದಲ್ಲ. ನೀರಿನೊಳಗೆ ಕ್ಲಚ್ ಒತ್ತಬೇಡಿ, ಪ್ಲೇಟಿನ ನಡುವೆ ಹೂಳು ಸೇರುತ್ತದೆ. ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ, ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ಹೊರತಂದು, ಡೀಸೆಲ್ ಆದರೆ ಗ್ಲೋ ಪ್ಲಗ್, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗಿನ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಭಾನುವಾರದ ಆ ಬಿಳಿ ಗಾಡಿಯವರು ಇದನ್ನು ಓದುತ್ತಿದ್ದರೆ, ಅಥವಾ ನಿಮಗೆ ಯಾರಿಗಾದರೂ ಅವರು ಪರಿಚಯವಿದ್ದರೆ, ದಯವಿಟ್ಟು ಹೇಳಿ: ಬಿಸಿಯಾದ ಹೌಸಿಂಗ್ ತಣ್ಣನೆಯ ಕೆಸರುನೀರಿನಲ್ಲಿ ಕೂತಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಗಾಳಿಕಿಂಡಿ ಮತ್ತು ಸೀಲಿನ ಸಂದಿಯಿಂದ ನೀರು ಒಳಕ್ಕೆ ಎಳೆದುಕೊಂಡಿರುತ್ತದೆ. ಗಾಡಿಯನ್ನು ರಾತ್ರಿಯಿಡೀ ಸಮತಟ್ಟಿನಲ್ಲಿ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹಿಂದಿನ ಡಿಫರೆನ್ಷಿಯಲ್ಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ. ಅದು ಬಿಚ್ಚಿಕೊಂಡರೆ ಮಾತ್ರ ಕೆಳಗಿನ ಡ್ರೇನ್ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿ, ಇಲ್ಲವಾದರೆ ಆಯಿಲ್ ಎಲ್ಲ ಚೆಲ್ಲಿ ಹೊಸದು ತುಂಬಲು ದಾರಿಯಿಲ್ಲದೆ ಕೂರಬೇಕಾಗುತ್ತದೆ. ಮೊದಲು ನೀರು ಬಂದರೆ, ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಮ್ಯಾನುಯಲ್ಲಿನಲ್ಲಿ ಹೇಳಿದ ಗ್ರೇಡಿನ ಹೊಸ ಆಯಿಲ್ ಹಾಕಿ, ನೂರು ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಬದಲಾಯಿಸಿ. ಮುಂದಿನ ಡಿಫರೆನ್ಷಿಯಲ್ಲನ್ನೂ, ಟ್ರಾನ್ಸ್‌ಫರ್ ಕೇಸನ್ನೂ ಹಾಗೇ ಬಿಚ್ಚಿ ನೋಡಿ. ಹಿಂದಿನ ಬ್ರೇಕ್ ಡ್ರಮ್ ತೆಗೆದು ಹೂಳು ತೊಳೆಯಿರಿ. ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಧಾರೆಯಲ್ಲಿ ನೀರು ಬಿಡಿ, ಜೋರು ಪ್ರೆಶರ್ ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ.