ಅಟ್ಟ ಹತ್ತಿದ ಮೇಲೆ ಇಳಿಯದ ವ್ಯಾಕ್ಯೂಮ್ ಕ್ಲೀನರ್

ಕಳೆದ ಸಲ ಊರಿಗೆ ಹೋದಾಗ ಕೊಡಗಿನ ಸುಂಟಿಕೊಪ್ಪದ ಚಿಕ್ಕಮ್ಮನ ಮನೆಯಲ್ಲಿ ಅಟ್ಟ ಹತ್ತಿದ್ದೆ. ಕಡ್ಡಿ ಮುರಿದ ಕೊಡೆಗಳು, ಕಂಬಳಿ ಗಂಟು, ತಳ ಹೋದ ಹಂಡೆ, ಇವೆಲ್ಲದರ ಹಿಂದೆ ಗೋಣಿಚೀಲ ಹೊದ್ದುಕೊಂಡು ಒಂದು ವ್ಯಾಕ್ಯೂಮ್ ಕ್ಲೀನರ್ ಕೂತಿತ್ತು. ಚಿಕ್ಕವನಿದ್ದಾಗ ಕಂಡಿದ್ದೇ. ಟೈ ಕಟ್ಟಿದ ಹುಡುಗರು ಮನೆಬಾಗಿಲಿಗೆ ಬಂದು, ಪೈಪಿನ ಬಾಯಿಗೆ ಬಿಳಿ ಕರ್ಚೀಫು ಸಿಕ್ಕಿಸಿ, ಹಾಸಿಗೆಯ ದೂಳೆಳೆದು ತೋರಿಸಿ ಮಾರುತ್ತಿದ್ದ ಕಾಲದ್ದು.

‘ಅದು ಸುಟ್ಟೋಗಿದೆ ಮಗ, ಹತ್ತು ಹನ್ನೆರಡು ವರ್ಷ ಆಯ್ತು. ನಿನ್ನ ಚಿಕ್ಕಪ್ಪ ಬೋನಸ್ ದುಡ್ಡಲ್ಲಿ ತಂದಿದ್ದು. ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ’ ಅಂದರು ಚಿಕ್ಕಮ್ಮ. ಚಿಕ್ಕಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಈಗಿಲ್ಲ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಗುಡಿಸುವ ವಿಷಯದಲ್ಲಿ ಆ ಊರಿನ ಶಿಸ್ತು ದೊಡ್ಡದು. ‘ಕೇರ್‌ವೊಖೆ’ ಅಂತ ಒಂದು ಪದ್ಧತಿಯಿದೆ. ಕಟ್ಟಡದ ಮೆಟ್ಟಿಲು, ಮುಂದಿನ ಫುಟ್‌ಪಾತು ಗುಡಿಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಬಂದವರ ಬಾಗಿಲಿಗೆ ಬೋರ್ಡು ನೇತುಹಾಕುತ್ತಾರೆ. ಇಷ್ಟು ಶುಚಿಯ ಊರಿನಲ್ಲೇ ಬೇಡವಾದ ಸಾಮಾನನ್ನು ಫುಟ್‌ಪಾತಿನ ಅಂಚಿಗಿಟ್ಟು ‘ಬೇಕಾದವರು ಒಯ್ಯಿರಿ’ ಎಂದು ಚೀಟಿ ಅಂಟಿಸುವ ರೂಢಿಯೂ ಇದೆ. ಪುಸ್ತಕ, ಕುರ್ಚಿ, ಮಕ್ಕಳ ಸೈಕಲ್ಲು, ಆಗಾಗ ವ್ಯಾಕ್ಯೂಮ್ ಕ್ಲೀನರ್. ಶನಿವಾರದ ಹಳೇ ಸಾಮಾನಿನ ಸಂತೆಯಲ್ಲಿ ಐದು ಯೂರೋಗೂ ಸಿಗುತ್ತದೆ.

ಹೀಗೆ ಇಲ್ಲಿಯವರೆಗೆ ಒಂಬತ್ತು ಮೆಷಿನ್ನು ಮನೆಗೆ ತಂದಿದ್ದೇನೆ. ಮೂರಕ್ಕೆ ರೋಗವೇ ಇರಲಿಲ್ಲ, ಒಳಗಿನ ಚೀಲ ಬಿರಿಯುವಷ್ಟು ತುಂಬಿತ್ತು ಅಷ್ಟೆ. ಎರಡರ ಪೈಪಿನಲ್ಲಿ ಮಕ್ಕಳ ಕಾಲುಚೀಲ, ಪೆನ್ಸಿಲು ಸಿಕ್ಕಿಕೊಂಡಿದ್ದವು. ಪೊರಕೆ ಕೋಲು ತೂರಿಸಿದೆ, ಬಂತು. ಒಂದರ ವೈರು ಪ್ಲಗ್ಗಿನ ಬುಡದಲ್ಲಿ ತುಂಡಾಗಿತ್ತು. ಎರಡಕ್ಕೆ ಕಾರ್ಬನ್ ಬದಲಿಸಿದೆ, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುತ್ತ ಸವೆಯುವ ತುಂಡು. ಒಂದರ ಬೇರಿಂಗು ಹೋಗಿ, ತಿರುಗುವ ಭಾಗವಾದ ಆರ್ಮೇಚರ್ ಕರಕಲಾಗಿತ್ತು, ಅದೊಂದನ್ನು ಕೈಬಿಟ್ಟೆ. ಉಳಿದ ಎಂಟೂ ಓಡಿದವು. ನಮ್ಮಲ್ಲೊಂದು ಇಟ್ಟುಕೊಂಡು, ಹೊಸದಾಗಿ ಊರಿಂದ ಬರುವ ಕನ್ನಡದ ಹುಡುಗರಿಗೆ ಒಂದೊಂದಾಗಿ ಕೊಟ್ಟೆ.

ಇದರ ಗುಟ್ಟು ದೊಡ್ಡದೇನಲ್ಲ. ಹೆಚ್ಚಿನ ಮೆಷಿನ್ನುಗಳಲ್ಲಿ ದೂಳೆಳೆಯುವ ಗಾಳಿಯೇ ಮೋಟಾರನ್ನು ತಣ್ಣಗಿಡುವುದು. ಚೀಲ ತುಂಬಿತು, ಫಿಲ್ಟರ್ ಕಟ್ಟಿತು ಅಂದರೆ ಗಾಳಿ ನಿಂತಿತು, ಮೋಟಾರು ಕಾಯಿತು. ಒಂದು ಹಂತ ದಾಟಿದ ಕೂಡಲೇ ಒಳಗಿರುವ ಸಣ್ಣದೊಂದು ಸ್ವಿಚ್ಚು ತಾನಾಗಿ ಕರೆಂಟು ಕಡಿಯುತ್ತದೆ. ಅರ್ಧ ಗಂಟೆ ಆರಲು ಬಿಟ್ಟು ಚೀಲ ಖಾಲಿ ಮಾಡಿದರೆ ಮತ್ತೆ ಎದ್ದು ಕೂರುತ್ತದೆ. ತನ್ನ ಜೀವ ಉಳಿಸಿಕೊಳ್ಳಲು ಮೆಷಿನ್ನು ನಿಂತದ್ದನ್ನೇ ಜನ ಸತ್ತಿತು ಅಂದುಕೊಳ್ಳುತ್ತಾರೆ. ಜರ್ಮನಿಯಲ್ಲೂ ಹಾಗೆಯೇ, ಸುಂಟಿಕೊಪ್ಪದಲ್ಲೂ ಹಾಗೆಯೇ.

ಅಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ. ಜರ್ಮನಿಯಲ್ಲಿ ಹೆಚ್ಚಿನವರು ಮುಚ್ಚಳ ಬಿಚ್ಚುವುದಿಲ್ಲ, ಯಾಕೆಂದರೆ ರಿಪೇರಿಯವರ ಒಂದು ಗಂಟೆಯ ಕೂಲಿ ಅಗ್ಗದ ಹೊಸ ಮೆಷಿನ್ನಿನ ಬೆಲೆಯ ಹತ್ತಿರಕ್ಕೇ ಬರುತ್ತದೆ. ಫುಟ್‌ಪಾತಿಗೆ ಬಂದದ್ದು ಪುಣ್ಯವಂತ ಮೆಷಿನ್ನು. ಉಳಿದವು ನೇರ ನಗರಸಭೆಯ ಮರುಬಳಕೆ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿನ ಕಂಟೈನರಿಗೆ ಬಿದ್ದದ್ದನ್ನು ಮತ್ತೆ ಯಾರೂ ಎತ್ತಿಕೊಳ್ಳುವಂತಿಲ್ಲ. ಕಣ್ಣೆದುರೇ ಒಳ್ಳೆಯ ಮೆಷಿನ್ನು ಬೀಳುವುದನ್ನು ನೋಡಿ ನನಗೆ ಹೊಟ್ಟೆ ಉರಿದದ್ದುಂಟು. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದ ‘ರಿಪೇರ್ ಕೆಫೆ’ ಈಗ ಸ್ಟುಟ್‌ಗಾರ್ಟಿಗೂ ಬಂದಿದೆ. ಗೊತ್ತಿದ್ದವರು ಬಿಟ್ಟಿಯಾಗಿ ರಿಪೇರಿ ಮಾಡಿಕೊಡುತ್ತಾರೆ, ಪಕ್ಕದಲ್ಲಿ ಕೂತು ಕಲಿಯಲೂ ಬಹುದು. ಅದು ತಿಂಗಳಿಗೊಮ್ಮೆ.

ನಮ್ಮ ಕೊಡಗಿನಲ್ಲಿ ತಿಂಗಳಿಗೊಮ್ಮೆ ಕಾಯಬೇಕಿಲ್ಲ. ಚಿಕ್ಕಮ್ಮನ ಮೆಷಿನ್ನನ್ನು ಜೀಪಿನಲ್ಲಿ ಹಾಕಿಕೊಂಡು ಕುಶಾಲನಗರದಲ್ಲಿ ಮೋಟಾರು ರಿಪೇರಿ ಮಾಡುವ ಒಂದು ವೈಂಡಿಂಗ್ ಅಂಗಡಿಗೆ ಒಯ್ದೆ. ಸುತ್ತ ತೋಟದ ಪಂಪುಸೆಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರು, ಮಿಕ್ಸಿಗಳ ರಾಶಿ. ಅಂಗಡಿಯಣ್ಣ ಮೊದಲು ಕರೆಂಟು ಕೊಡಲೇ ಇಲ್ಲ. ‘ಎಷ್ಟು ಮಳೆಗಾಲ ಅಟ್ಟದಲ್ಲಿತ್ತು?’ ಎಂದು ಕೇಳಿ, ಮೋಟಾರು ಬಿಚ್ಚಿ ಎರಡು ದಿನ ಬಿಸಿಲಿಗಿಟ್ಟು, ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ಹಚ್ಚಿ ನೋಡಿದ ಮೇಲೆಯೇ ಮುಂದಿನ ಕೆಲಸ. ಇದು ಕೊಡಗಿನ ವಿದ್ಯೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೂ ಬೂಸ್ಟು ಹಿಡಿಯುವ ಕಡೆ ಕಾಯಿಲು ಥಂಡಿ ಎಳೆದುಕೊಂಡಿರುತ್ತದೆ. ಹಾಗೇ ಪ್ಲಗ್ಗಿಗೆ ಹಾಕಿದರೆ ಅಲ್ಲಿಯವರೆಗೆ ಸುಡದಿದ್ದದ್ದು ಆಗ ಸುಡುತ್ತದೆ.

ಮೂರನೇ ದಿನ ಹೋದಾಗ ಅಂಗೈ ಮೇಲೆ ಹಳೇ ಕಾರ್ಬನ್ ಇಟ್ಟು ತೋರಿಸಿದರು. ಒಂದು ಬೆರಳಿನ ಗಿಣ್ಣಿನಷ್ಟು ಉದ್ದ, ಇನ್ನೊಂದು ಸವೆದು ಹುಣಿಸೆಬೀಜದ ಗಾತ್ರ. ಅದು ಆರ್ಮೇಚರನ್ನು ಮುಟ್ಟುತ್ತಲೇ ಇರಲಿಲ್ಲ. ಅಳತೆಯದು ಸಿಗದೆ, ಬೇರೆ ದೊಡ್ಡ ಕಾರ್ಬನ್ನನ್ನೇ ಅರದಿಂದ ಉಜ್ಜಿ ಕೂರಿಸಿದ್ದರು. ಕಾರ್ಬನ್ ಜೋಡಿಗೆ 60 ರೂಪಾಯಿ, ಕೆಲಸಕ್ಕೆ 150. ಹನ್ನೆರಡು ವರ್ಷ ಅಟ್ಟದಲ್ಲಿ ಕೂತದ್ದು ಇಷ್ಟಕ್ಕೆ.

ನನಗೆ ಸಂಕಟವಾಗುವುದು ಇಲ್ಲೇ. ಜರ್ಮನಿಯವರು ಬೇಗ ಕೈಬಿಡುತ್ತಾರೆ, ಬಿಚ್ಚುವ ಕೈಗಳು ಅಲ್ಲಿ ಕಡಿಮೆ. ನಮ್ಮಲ್ಲಿ ಬಿಚ್ಚುವ ಕೈ ಪೇಟೆಗೆ ನಾಲ್ಕಿವೆ, ಆದರೆ ನಾವು ಕೈಬಿಡುವುದೇ ಇಲ್ಲ. ಕಡೆಗೊಂದು ದಿನ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಗುಜರಿಯವರನ್ನು ಕರೆಯುತ್ತೇವೆ. ಅಷ್ಟು ಹೊತ್ತಿಗೆ ರಬ್ಬರು ಒಡೆದಿರುತ್ತದೆ, ಪೈಪನ್ನು ಇಲಿ ಕಡಿದಿರುತ್ತದೆ. ಗುಜರಿಯಲ್ಲಿ ಕಿಲೋ ಲೆಕ್ಕ. ತಾಮ್ರ ಬೇರೆ, ಪ್ಲಾಸ್ಟಿಕ್ಕು ಬೇರೆ. ಪ್ರೀತಿಯಿಂದ ಇಟ್ಟುಕೊಂಡದ್ದೇ ಅದನ್ನು ಕೊಂದಂತಾಯಿತು. ನಿಂತ ವಾರದಲ್ಲೇ ವೈಂಡಿಂಗ್ ಅಂಗಡಿಗೆ ಒಯ್ಯಿರಿ, ನಿಮಗೆ ಬೇಡವಾದರೆ ಓಡುವಾಗಲೇ ಕೊಟ್ಟುಬಿಡಿ ಎಂದು ನಾನು ಊರಿನ ಪ್ರತಿಯೊಬ್ಬರ ಬಳಿಯೂ ಹೇಳುತ್ತಿದ್ದೇನೆ. ಕೊಡಗಿನ ತುಂಬ ಹೋಂಸ್ಟೇಗಳಿವೆ, ರತ್ನಗಂಬಳಿ, ಸೋಫಾ, ದಪ್ಪ ಪರದೆಗಳಿವೆ. ಅಲ್ಲಿ ಗುಡಿಸುವ ಹೆಂಗಸರು ಫೆಬ್ರವರಿಯ ಕೆಂಪು ದೂಳಿನಲ್ಲಿ ಸೆರಗು ಮೂಗಿಗೆ ಕಟ್ಟಿ ಕಂಬಳಿ ಕೊಡವುತ್ತಾರೆ. ಹೊಸದು ಕೊಳ್ಳಲಾಗದ ಸಣ್ಣ ಹೋಂಸ್ಟೇಗೆ ರಿಪೇರಿ ಮಾಡಿದ್ದೊಂದು ಎಷ್ಟು ದೊಡ್ಡ ಉಪಕಾರ! ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಹಳೇ ಮೆಷಿನ್ನು ಪ್ಲಗ್ಗಿಗೆ ಹಾಕಿ ಓಡಿಸಿ ತೋರಿಸಿ ಮಾರುವ ಒಂದು ಮೂಲೆ ಇದ್ದರೆ ನಾನೇ ಮೊದಲ ಗಿರಾಕಿ.

ಹಳೆಯದು ಎಂದು ಕೀಳಾಗಿ ನೋಡಬೇಕಿಲ್ಲ. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಿಂದ ಮನೆಬಳಕೆಯ ಹೊಸ ಮೆಷಿನ್ನಿನ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು ಎಂಬ ನಿಯಮವಿದೆ. ವಾರಕ್ಕೆ ಅರ್ಧ ಗಂಟೆಯಂತೆ ಓಡಿಸಿದರೆ 19 ವರ್ಷ! ಅಲ್ಲೂ ಇಲ್ಲೂ ಕರೆಂಟು 230 ವೋಲ್ಟೇ, ಹಾಗಾಗಿ ಜರ್ಮನಿಯಿಂದ ತಂದದ್ದಕ್ಕೆ ಪ್ಲಗ್ಗು ಬದಲಿಸಿದರೆ ಸಾಕು. ನಾನೊಂದು ತಂದು ಅಣ್ಣನಿಗೆ ಕೊಟ್ಟಿದ್ದೇನೆ. ತೊಡಕಿರುವುದು ಚೀಲದ್ದು. ಅಲ್ಲಿಯವಕ್ಕೆ ತುಂಬಿದ ಮೇಲೆ ಎಸೆಯುವ ಚೀಲ. ಅದು ಇಲ್ಲಿ ಸಿಗುವುದಿಲ್ಲ.

ಅದಕ್ಕೆ ದಾರಿ ಕಂಡವರು ಚಿಕ್ಕಮ್ಮ. ಅವರ ಮೆಷಿನ್ನಿನ ಬಟ್ಟೆ ಚೀಲವೂ ಬೂಸ್ಟು ಹಿಡಿದು ಕೈಯಲ್ಲೇ ಹರಿದುಬಂದಿತ್ತು. ಒತ್ತು ನೇಯ್ಗೆಯ ದಿಂಬಿನ ಕವರೊಂದನ್ನು ಎರಡು ಪದರ ಮಾಡಿ, ಹಳೇ ಚೀಲದ ರಟ್ಟಿನ ಬಾಯಿಗೆ ಹೊಲಿದರು. ಅಣ್ಣನ ಮೆಷಿನ್ನಿಗೂ ಇನ್ನೊಂದು. ನನಗೆ ಮೈ ಜುಮ್ಮೆಂದಿತು. ಅಮೆರಿಕದ ಒಹಾಯೋದಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಆಸ್ತಮಾ ರೋಗಿ. ದೂಳು ತಾಳಲಾರದೆ ಫ್ಯಾನಿನ ಮೋಟಾರು, ಪೊರಕೆ ಕೋಲು, ದಿಂಬಿನ ಕವರು ಸೇರಿಸಿ ಒಂದು ಯಂತ್ರ ಮಾಡಿದ, 1908ರಲ್ಲಿ ಪೇಟೆಂಟ್ ಪಡೆದ. ವ್ಯಾಕ್ಯೂಮ್ ಕ್ಲೀನರ್ ಮಾಡುವ ಹೂವರ್ ಕಂಪನಿ ಬೆಳೆದದ್ದು ಅದರಿಂದ. ಆ ಕಥೆ ಹೇಳಿದೆ. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತ, ‘ಪಾಪ, ಅವನಿಗೂ ಕೆಮ್ಮಿತ್ತಾ?’ ಅಂದರು.

ದಿಂಬಿನ ಕವರಿನ ಚೀಲ ಕಾರ್ಖಾನೆಯ ಚೀಲದಷ್ಟು ಸಣ್ಣ ದೂಳು ಹಿಡಿಯಲಾರದು. ಮೋಟಾರಿನ ಮುಂದಿನ ಸ್ಪಂಜು ತೆಗೆಯಬಾರದು, ವಾರಕ್ಕೊಮ್ಮೆ ಹೊರಗೆ ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೊಡವಬೇಕು. ಒದ್ದೆ ನೆಲ, ಒಲೆಯ ಬೂದಿಯ ಹತ್ತಿರಕ್ಕೂ ಒಯ್ಯಬಾರದು.

ನಾನು ಹೊರಡುವ ಹಿಂದಿನ ದಿನ ಚಿಕ್ಕಮ್ಮ ಮನೆಯೆಲ್ಲ ಒಮ್ಮೆ ಎಳೆದರು, ಚಿಕ್ಕಪ್ಪನ ಈಸಿಚೇರನ್ನೂ. ಸದ್ದಿಗೆ ಕಣದಲ್ಲಿ ಕಾಫಿ ಹರಡುತ್ತಿದ್ದವರು ಬಾಗಿಲಿಗೆ ಬಂದು ನೋಡಿದರು. ಪಕ್ಕದ ಹೋಂಸ್ಟೇ ನೋಡಿಕೊಳ್ಳುವ ಹುಡುಗಿ, ‘ಆಂಟಿ, ನಮಗೊಂದು ಭಾನುವಾರ ಕೊಡ್ತೀರಾ?’ ಎಂದು ಕೇಳಿದಳು. ಚಿಕ್ಕಮ್ಮ ವೈರು ಸುತ್ತಿ, ಮೆಷಿನ್ನನ್ನು ಅಟ್ಟದ ಏಣಿಯ ಕಡೆಗಲ್ಲ, ಅವಳ ಕಡೆಗೆ ಉರುಳಿಸಿದರು.