ಕೇಕ್ ಸುತ್ತುವ ಅಜ್ಜ, ಕಿಡಿಯೊ ಸುತ್ತದ ನಮ್ಮ ಗಂಡಸರು

ಚಾಕೊಲೇಟ್ ಕೇಕ್ ಸುತ್ತುವುದನ್ನು ನನಗೆ ಕಲಿಸಿದ್ದು ಒಬ್ಬ ಅಜ್ಜ. ನಾನಿರುವ ಫ್ರಾನ್ಸಿನ ಲಿಯಾನ್ ಊರಿನಲ್ಲಿ ನಮ್ಮ ಕೆಳಗಿನ ಮಹಡಿಯವರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಕಳೆದ ಡಿಸೆಂಬರ್‌ನಲ್ಲಿ ಅವರ ಹೆಂಡತಿ ಮೆಟ್ಟಿಲ ಹತ್ತಿರ ಸಿಕ್ಕಿ, ನಾಡಿದ್ದು ಮನೆಯಲ್ಲಿ ಕ್ರಿಸ್‌ಮಸ್ ಕೇಕ್ ಮಾಡುತ್ತೇವೆ, ನೋಡಲಿಕ್ಕೆ ಬಾ ಎಂದು ಕರೆದರು. ಮಾಡುವುದು ಅವರೇ ಎಂದುಕೊಂಡು ಹೋದೆ. ಹೋದರೆ ಅಜ್ಜಿ ಸೋಫಾದಲ್ಲಿ ಕಾಲು ಚಾಚಿ ಪೇಪರ್ ಓದುತ್ತಾ ಕೂತಿದ್ದಾರೆ. ಒಳಗೆ ಏಪ್ರನ್ ಕಟ್ಟಿಕೊಂಡು ಮೊಟ್ಟೆ ಕಡೆಯುತ್ತಿದ್ದವರು ಅಜ್ಜ. ಪಕ್ಕದಲ್ಲಿ ಮಗ ಚಾಕೊಲೇಟ್ ಚೂರು ಮಾಡುತ್ತಿದ್ದ. ಮೊಮ್ಮಗ ಒವನ್ ಟ್ರೇಗೆ ಬೆಣ್ಣೆ ಸವರಿ ಕಾಗದ ಹಾಸುತ್ತಿದ್ದ. ಅವರಿಗೆ ಯಾರಿಗೂ ಇದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. ನನಗೆ ಮಾತ್ರ ಆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎದೆ ಒಂಥರಾ ಭಾರವಾಯಿತು.

ಇವರ ಈ ಕೇಕಿಗೆ ಬೂಷ್ ದ ನೊಯೆಲ್ ಅನ್ನುತ್ತಾರೆ. ನೋಡಲಿಕ್ಕೆ ಥೇಟ್ ಮರದ ಕೊರಡು. ಹಿಂದೆ ಯುರೋಪಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಯ ಒಲೆಗೆ ಒಂದು ದೊಡ್ಡ ಕೊರಡು ಹಾಕಿ ಉರಿಸುತ್ತಿದ್ದರು. ದೊಡ್ಡ ಒಲೆಗಳು ಹೋದವು, ಕೊರಡು 19ನೇ ಶತಮಾನದಲ್ಲಿ ಕೇಕಾಗಿ ಊಟದ ಮೇಜಿಗೆ ಬಂತು. ಲಿಯಾನಿನಿಂದ ದಕ್ಷಿಣಕ್ಕೆ ಪ್ರೊವಾನ್ಸ್ ಕಡೆ ಒಂದು ಚಂದದ ಪದ್ಧತಿ ಉಂಟು. ಹಣ್ಣಿನ ಮರದ ಕೊರಡನ್ನು ಮನೆಯ ಎಲ್ಲರಿಗಿಂತ ಹಿರಿಯರು ಮತ್ತು ಎಲ್ಲರಿಗಿಂತ ಚಿಕ್ಕ ಮಗು ಸೇರಿ ಹಿಡಿದು ಮೇಜಿಗೆ ಮೂರು ಸುತ್ತು ಬಂದು, ಅದರ ಮೇಲೆ ವೈನ್ ಸುರಿದು, ಆಮೇಲೆ ಒಲೆಗೆ ಇಡುತ್ತಾರೆ. ಅಜ್ಜ ಇದನ್ನು ಹೇಳುವಾಗ ಮೊಮ್ಮಗನ ಭುಜದ ಮೇಲೆ ಕೈ ಇಟ್ಟಿದ್ದರು.

ಮಾಡುವ ಕ್ರಮ ಕಷ್ಟದ್ದಲ್ಲ, ಆದರೆ ಗಡಿಯಾರ ನೋಡುತ್ತಿರಬೇಕು. ನಾಲ್ಕು ಮೊಟ್ಟೆ. ಹಳದಿಯನ್ನು 100 ಗ್ರಾಂ ಸಕ್ಕರೆಯ ಜೊತೆ ಬೆಳ್ಳಗಾಗುವವರೆಗೆ ಕಡೆಯಬೇಕು. ಬಿಳಿಯನ್ನು ಬೇರೆಯಾಗಿ, ಪಾತ್ರೆ ಬೋರಲು ಹಾಕಿದರೂ ಬೀಳದಷ್ಟು ನೊರೆ ಬರಿಸಬೇಕು. ಎರಡನ್ನೂ ಸೇರಿಸಿ, ಜರಡಿ ಹಿಡಿದ 80 ಗ್ರಾಂ ಮೈದಾ, 25 ಗ್ರಾಂ ಕೋಕೋ ಹಾಕಿ ಮೆಲ್ಲ ಮಗುಚಬೇಕು. ಜೋರಾಗಿ ಕಲಸಿದರೆ ನೊರೆಯಲ್ಲಿರುವ ಗಾಳಿ ಹೋಗುತ್ತದೆ, ಕೇಕ್ ಉಬ್ಬುವುದು ಆ ಗಾಳಿಯಿಂದಲೇ. ಟ್ರೇಯಲ್ಲಿ ತೆಳ್ಳಗೆ ಹರಡಿ 180 ಡಿಗ್ರಿಯಲ್ಲಿ 10ರಿಂದ 12 ನಿಮಿಷ. ಅದಕ್ಕಿಂತ ಜಾಸ್ತಿ ಬಿಟ್ಟರೆ ಒಣಗಿ, ಸುತ್ತುವಾಗ ಬಿರುಕು ಬಿಡುತ್ತದೆ.

ಬಿಸಿ ಇರುವಾಗಲೇ ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಕವುಚಿ ಹಾಕಿ, ಕಾಗದ ಬಿಡಿಸಿ, ಬಟ್ಟೆಯ ಸಮೇತ ಸುತ್ತಿಬಿಡಬೇಕು. ಒಳಗಿನ ಹಬೆ ಹೊರಗೆ ಹೋಗದೆ ಕೇಕನ್ನು ಮೆತ್ತಗೆ ಇಡುತ್ತದೆ. ಆರಿದ ಮೇಲೆ ಬಿಚ್ಚಿದರೂ ಮತ್ತೆ ಸುತ್ತಿಕೊಳ್ಳುವ ಅಭ್ಯಾಸ ಅದಕ್ಕೆ ಆಗಿರುತ್ತದೆ. "ನೀನು ಸುತ್ತು" ಎಂದು ಅಜ್ಜ ಬಟ್ಟೆಯ ತುದಿಯನ್ನು ನನ್ನ ಕೈಗೆ ಕೊಟ್ಟರು. ಪತ್ರೊಡೆಗೆ ಕೆಸುವಿನ ಎಲೆ ಸುತ್ತುವ ಹಾಗೆಯೇ, ಮೊದಲ ಮಡಿಕೆ ಬಿಗಿ, ಆಮೇಲೆ ತಾನಾಗಿಯೇ ಹೋಗುತ್ತದೆ. ಅಜ್ಜನಿಗೆ ಆಶ್ಚರ್ಯ. ನನಗೇನೂ ಆಶ್ಚರ್ಯವಿರಲಿಲ್ಲ, ನಮ್ಮ ಮನೆಯಲ್ಲಿ ಹುಡುಗಿಯರಿಗೆ ಎಲೆ ಸುತ್ತಲು ಬಹಳ ಬೇಗ ಬರುತ್ತದೆ.

ಆರಿದ ಮೇಲೆ ಬಿಚ್ಚಿ ಒಳಗೆ ಚೆಸ್ಟ್‌ನಟ್ ಕಾಯಿಯ ಸಿಹಿ ಕ್ರೀಂ ಸವರಿದರು. ಇಲ್ಲಿಗೆ ಹತ್ತಿರದ ಆರ್ದೆಶ್ ಗುಡ್ಡಗಳಲ್ಲಿ ಆ ಕಾಯಿ ಬೆಳೆಯುತ್ತದೆ. ಹೊರಗೆ, ಬಿಸಿ ಕ್ರೀಂನಲ್ಲಿ ಕರಗಿಸಿದ ಕಪ್ಪು ಚಾಕೊಲೇಟ್. ಮೊಮ್ಮಗ ಫೋರ್ಕಿನಿಂದ ಉದ್ದಕ್ಕೆ ಗೀರಿ ತೊಗಟೆ ಮಾಡಿದ. ಒಂದು ತುದಿಯನ್ನು ಓರೆಯಾಗಿ ಕೊಯ್ದು ಮೇಲೆ ಅಂಟಿಸಿದರೆ ಕಡಿದ ಕೊಂಬೆಯ ಬುಡ. ಮೇಲಿಂದ ಹಿಮದ ಹಾಗೆ ಸಕ್ಕರೆ ಪುಡಿ. ಅಷ್ಟೇ. ಮಧ್ಯಾಹ್ನ ಶುರು ಮಾಡಿದ್ದು ಸಂಜೆಗೆ ಫ್ರಿಜ್ ಸೇರಿತು. ಪಾತ್ರೆ ತೊಳೆದದ್ದು ಮಗ.

ಪಾತ್ರೆ ತೊಳೆದದ್ದು ಮಗ. ಇದನ್ನು ಇನ್ನೊಮ್ಮೆ ಬರೆಯಬೇಕು ಅನಿಸಿತು.

ಲಿಯಾನಿನಲ್ಲಿ ಡಿಸೆಂಬರ್ 8 ದೊಡ್ಡ ದಿನ. 1852ರಲ್ಲಿ ಗುಡ್ಡದ ಮೇಲೆ ಮೇರಿ ಮಾತೆಯ ಪ್ರತಿಮೆ ನಿಲ್ಲಿಸಿದಾಗ ಜನರು ಕಿಟಕಿಗಳಲ್ಲಿ ದೀಪ ಇಟ್ಟರು. ಅಂದಿನಿಂದ ಪ್ರತಿ ವರ್ಷ ಅದೇ ರಾತ್ರಿ ಇಡುತ್ತಾರೆ. ಮಂಗಳೂರಿನ ಕುಲಶೇಖರದ ನಮ್ಮ ಮನೆಯಲ್ಲಿಯೂ ಅದೇ ಹಬ್ಬ, ಅದೇ ತಾರೀಕು. ಆದರೆ ನಮ್ಮ ಅಮ್ಮನಿಗೆ ಆ ದಿನ ಕಳೆಯಿತು ಅಂದರೆ ಕುಸ್ವಾರ್, ಅಂದರೆ ನಮ್ಮ ಕ್ರಿಸ್‌ಮಸ್ ತಿಂಡಿಗಳ ಕೆಲಸ ಶುರು ಎಂದು ಅರ್ಥ. ಇಲ್ಲಿ ಕಿಟಕಿಯ ದೀಪಗಳನ್ನು ನೋಡಿದಾಗೆಲ್ಲ ನನಗೆ ಕಾದ ತೆಂಗಿನೆಣ್ಣೆಯ ವಾಸನೆ ಬಂದ ಹಾಗೆ ಆಗುತ್ತದೆ.

ಅಮ್ಮ ಶಾಲೆಯಲ್ಲಿ ಟೀಚರ್. ಸಂಜೆ ಮನೆಗೆ ಬಂದು, ಅರ್ಧ ವರ್ಷದ ಪರೀಕ್ಷೆಯ ಪೇಪರ್ ಕಟ್ಟು ಬದಿಗಿಟ್ಟು, ಹೆರೆಮಣೆಯ ಮುಂದೆ ಕೂರುತ್ತಿದ್ದರು. ಕಾಯಿ ಹೆರೆಯುವುದು, ಕಡೆಯುವುದು, ಹಾಲು ಹಿಂಡುವುದು. ಸಣ್ಣ ಸುರುಳಿಯಂತೆ ಸುತ್ತಿ ಕರಿಯುವ ಕಿಡಿಯೊಗೆ ಆ ಹಾಲು ಬೇಕು, ಹೂವಿನ ಅಚ್ಚಿನಲ್ಲಿ ಕರಿಯುವ ಕೊಕ್ಕಿಸಿಗೆ ಬೇಕು, ಅಕ್ಕಿಹಿಟ್ಟಿನ ಉಂಡೆ ಗುಳಿಯೊಗೂ ಬೇಕು. ಆಮೇಲೆ ಹಿಟ್ಟು. ಅಜ್ಜಿ, ದೊಡ್ಡಮ್ಮ, ನಾನು, ತಂಗಿ ಚಾಪೆ ಹಾಸಿ ಕೂರುತ್ತಿದ್ದೆವು. ಗೋಲಿಯಷ್ಟು ಹಿಟ್ಟು ತೆಗೆದು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುತ್ತಬೇಕು. ಒಂದು ಕಿಲೋ ಮೈದಾದಲ್ಲಿ ಎಷ್ಟು ಕಿಡಿಯೊ ಆಗುತ್ತದೆ ಎಂದು ತಿಂದವರಿಗೆ ಗೊತ್ತಿಲ್ಲ, ಸುತ್ತಿದವರ ಹೆಬ್ಬೆರಳಿಗೆ ಗೊತ್ತು. ನೆವ್ರಿಯ ಹೂರಣಕ್ಕೆ ಎಳ್ಳು ಹುರಿಯಬೇಕು, ಅಂಚು ಬಿಡದ ಹಾಗೆ ಮುಚ್ಚಬೇಕು. ಕೊಕ್ಕಿಸಿನ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಜಾಸ್ತಿ ಕಾದರೆ ಹಿಟ್ಟಿನ ಪಾತ್ರೆಯಲ್ಲೇ ಬೆಂದುಬಿಡುತ್ತದೆ. ಭಟ್ಟರ ಮನೆಗೆ ಕೊಡುವುದಕ್ಕೆ ಮೊಟ್ಟೆ ಇಲ್ಲದ ತುಕ್ಡಿ, ಚಕ್ಕುಲಿ ಮೊದಲೇ ಬೇರೆ ಎಣ್ಣೆಯಲ್ಲಿ ಕರಿದು ತೆಗೆದಿಡಬೇಕು. ಪ್ಲಮ್ ಕೇಕಿನ ದ್ರಾಕ್ಷಿ, ಗೇರುಬೀಜ ಮೊದಲೇ ರಮ್ಮಿನಲ್ಲಿ ನೆನೆದಿರಬೇಕು. ಸಕ್ಕರೆ ಸುಟ್ಟು ಬಣ್ಣ ಮಾಡಿ, ಹಿಟ್ಟು ಕಲಸಿ, ಟಿನ್ನುಗಳನ್ನು ಬೇಕರಿಯ ಕಟ್ಟಿಗೆ ಒಲೆಗೆ ಹೊತ್ತುಕೊಂಡು ಹೋಗಿ ಸರದಿಯಲ್ಲಿ ನಿಲ್ಲಬೇಕು. ಇದೆಲ್ಲ ದಿನದ ಅಡುಗೆ, ಬಟ್ಟೆ, ಶಾಲೆ ಮುಗಿದ ಮೇಲೆ.

ಗಂಡಸರು ಏನು ಮಾಡುತ್ತಿದ್ದರು? ಬಿದಿರು ಸೀಳಿ ನಕ್ಷತ್ರ ಕಟ್ಟುತ್ತಿದ್ದರು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಮಾಡುತ್ತಿದ್ದರು, ಅದಕ್ಕೆ ಪಾಚಿ ತರುತ್ತಿದ್ದರು, ರಾಗಿ ಮೊಳಕೆ ಬರಿಸುತ್ತಿದ್ದರು. ಗೋದಲಿ ಚಂದ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದು ಬೇಸರವಾದಾಗ ಬಿಟ್ಟು ಏಳಬಹುದಾದ ಕೆಲಸ. ಎಣ್ಣೆ ಬಾಣಲೆಯ ಮುಂದಿನಿಂದ ಹಾಗೆ ಏಳಲು ಆಗುವುದಿಲ್ಲ. ಅಪ್ಪ ಅಡುಗೆಮನೆಯ ಹೊಸ್ತಿಲಿಗೆ ಬಂದು ಒಂದು ಕಿಡಿಯೊ ಬಾಯಿಗೆ ಹಾಕಿ, "ಸ್ವಲ್ಪ ಗಟ್ಟಿಯಾಗಿದೆ ಅಲ್ವಾ" ಎಂದು ಹೇಳಿ ಹೋಗುತ್ತಿದ್ದರು. ಅಪ್ಪ ಒಳ್ಳೆಯವರು. ಅದೇ ನನ್ನ ಬೇಸರ. ಒಳ್ಳೆಯವರಿಗೂ ಅಷ್ಟೇ ತೋಚುತ್ತಿತ್ತು.

ಕೇಕ್ ಮಾಡಿದ ಮಾರನೇ ದಿನ ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಈ ಅಜ್ಜನ ಸುದ್ದಿ ಹೇಳಿದೆ. ಅವನು ನಕ್ಕ. "ಈಗ ಕುಸ್ವಾರ್ ಯಾರು ಮಾಡ್ತಾರೆ ಅಕ್ಕ? ಎಲ್ಲ ಕಿಲೋ ಲೆಕ್ಕದಲ್ಲಿ ಸಿಗ್ತದೆ. ಬಾಕ್ಸ್ ತಂದ್ರೆ ಮುಗೀತು. ಹೆಂಗಸರಿಗೆ ಈಗ ಮೊದಲಿನ ತಾಳ್ಮೆ ಇಲ್ಲ." ಆ ಕೊನೆಯ ಮಾತು ನನಗೆ ಚುಚ್ಚಿತು. ಅವನ ಹೆಂಡತಿ ಬೆಳಿಗ್ಗೆ ಹೋದರೆ ರಾತ್ರಿ ಬರುವ ಕೆಲಸದಲ್ಲಿ ಇದ್ದಾಳೆ. ಅವಳ ತಾಳ್ಮೆಯ ಲೆಕ್ಕ ಅವನು ಇಡುತ್ತಾನೆ. ತನ್ನ ಎರಡು ಕೈ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಮಂಗಳೂರಿನವರು ಎಲ್ಲೇ ಸೇರಿದರೂ ಡಿಸೆಂಬರ್‌ನಲ್ಲಿ ಈ ಮಾತು ಬರುತ್ತದೆ. ಕುಸ್ವಾರ್ ಹೋಯಿತು, ಕಾಲ ಕೆಟ್ಟಿತು, ಮೊದಲಿನ ರುಚಿ ಇಲ್ಲ. ದುಬೈಯಲ್ಲಿರುವ ನಮ್ಮ ನೆಂಟರೂ ಇದನ್ನೇ ಹೇಳುತ್ತಾರೆ. ಹೇಳುವವರಲ್ಲಿ ಜಾಸ್ತಿ ಗಂಡಸರು. ಅಮ್ಮನ ಕೈರುಚಿ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಆ ಕಣ್ಣೀರು ಸುಳ್ಳಲ್ಲ ಎಂದು ನನಗೆ ಗೊತ್ತು. ಆದರೆ ಅಷ್ಟು ಪ್ರೀತಿ ಇದ್ದವರು ಒಂದು ಸಂಜೆ ಬಾಚಣಿಗೆ ಹಿಡಿದು ಚಾಪೆಯ ಮೇಲೆ ಕೂರಬಹುದಿತ್ತು ಅಲ್ವಾ? ನಮ್ಮ ಕೆಳಮನೆಯ ಅಜ್ಜನಿಗೆ ಬೂಷ್ ಕಲಿಸಿದ್ದು ಅವರ ತಾಯಿಯಂತೆ. ಮಗನಿಗೆ ಕಲಿಸಿದ್ದು ಅವರೇ. ಮೊಮ್ಮಗ ಈಗ ಕಲಿಯುತ್ತಿದ್ದಾನೆ. ನಮ್ಮಲ್ಲಿ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಎಂದು ಒಂದೇ ಸಪೂರ ದಾರಿ. ಮಗಳು ಲಿಯಾನಿಗೋ ಬೆಂಗಳೂರಿಗೋ ಹೋದಳು ಅಂದರೆ ಅಲ್ಲಿಗೆ ನಿಂತಿತು. ಮನೆಯಲ್ಲೇ ಇರುವ ಮಗನಿಗೆ ಯಾರೂ ಕಲಿಸಿರುವುದಿಲ್ಲ, ಅವನೂ ಕೇಳಿರುವುದಿಲ್ಲ.

ಇದನ್ನು ನನ್ನ ಗೆಳತಿಗೆ ಹೇಳಿದಾಗ, ಅವಳು ಉಡುಪಿ ಹತ್ತಿರದ ಶಿರ್ವದವಳು, ಅವಳು ಸುಮ್ನೆ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದಳು. "ಆ ಕೇಕ್ ಯಾರ ಮನೆಗೆಲ್ಲ ಹೋಯಿತು?"

ಎಲ್ಲಿಗೂ ಹೋಗಲಿಲ್ಲ. 24ರ ರಾತ್ರಿ ಅವರ ಮೇಜಿನ ಮೇಲೆ ಇಟ್ಟರು, ಅವರ ಮನೆಯವರು ತಿಂದರು, ಮುಗಿಯಿತು. ಎದುರು ಮನೆಯವರಿಗೆ ಅವರು ಕೇಕ್ ಮಾಡಿದ್ದು ಕೂಡ ಗೊತ್ತಿರಲಿಕ್ಕಿಲ್ಲ. ಕ್ರೀಂ ತುಂಬಿದ ಕೇಕ್ ಫ್ರಿಜ್ಜಿನಿಂದ ಹೆಚ್ಚು ದೂರ ಹೋಗಲಾರದು, ಅದು ನಿಜ. ಮಂಗಳೂರಿನ ಡಿಸೆಂಬರ್ ಸೆಖೆಯಲ್ಲಂತೂ ಗೇಟು ದಾಟುವ ಮೊದಲೇ ಕರಗುತ್ತದೆ. ನಮ್ಮ ಕುಸ್ವಾರ್ ಕರಿದದ್ದು, ಒಣಗಿದ್ದು, ಡಬ್ಬಿಯಲ್ಲಿ ವಾರಗಟ್ಟಲೆ ಉಳಿಯುವಂಥದ್ದು. ಕೊಡುವುದಕ್ಕೆಂದೇ ಮಾಡಿದ್ದು. ತಟ್ಟೆಯಲ್ಲಿ ಜೋಡಿಸಿ, ಕ್ರೋಶಾ ಬಟ್ಟೆ ಮುಚ್ಚಿ, ಭಟ್ಟರ ಮನೆ, ಬ್ಯಾರಿಗಳ ಮನೆ, ಗಾಣಿಗರ ಮನೆ ಎಂದು ನಾವು ಮಕ್ಕಳು ಹೊತ್ತುಕೊಂಡು ಹೋಗುತ್ತಿದ್ದೆವು. ಚೌತಿಗೆ, ದೀಪಾವಳಿಗೆ, ಬ್ಯಾರಿಗಳ ಈದ್ ಹಬ್ಬ ಪೆರ್ನಾಲಿಗೆ ಆ ಮನೆಗಳಿಂದ ತಟ್ಟೆ ತುಂಬಿ ಬರುತ್ತಿತ್ತು. "ಬಾಯಮ್ಮ, ಈ ಸಲ ನೆವ್ರಿ ಕಡಿಮೆ ಬಂತಲ್ಲ?" ಎಂದು ಬೇಲಿಯ ಆಚೆಯಿಂದ ಅಮ್ಮನನ್ನು ಕೇಳುವಷ್ಟು ಸಲಿಗೆ ಇತ್ತು. ಇಲ್ಲಿ ಅಂಥ ಮಾತು ಕೇಳಿ ಎಷ್ಟೋ ಕಾಲವಾಯಿತು. ಲಿಯಾನಿನವರು ಹೊಳೆಯುವ ಕಾಗದದಲ್ಲಿ ಸುತ್ತಿದ ಚಾಕೊಲೇಟ್ ಹಂಚುತ್ತಾರೆ, ಒಳಗೆ ಒಂದು ಚೀಟಿಯಲ್ಲಿ ನಾಲ್ಕು ಒಳ್ಳೆಯ ಮಾತು ಇರುತ್ತದೆ. ಅದು ಅಂಗಡಿಯದ್ದು.

ಇನ್ನೂ ಒಂದು ಮಾತು ಹೇಳಲೇಬೇಕು. ಇಲ್ಲಿಯೂ ಎಲ್ಲ ಮನೆಗಳಲ್ಲಿ ಅಜ್ಜಂದಿರು ಮೊಟ್ಟೆ ಕಡೆಯುವುದಿಲ್ಲ. ಜಾಸ್ತಿ ಜನ ಬೂಷನ್ನು ಅಂಗಡಿಗೆ ಮೊದಲೇ ಹೇಳಿಟ್ಟು ತರುತ್ತಾರೆ. ಅದೇ ಅಜ್ಜನ ಮನೆಯಲ್ಲಿ ಕ್ರಿಸ್‌ಮಸ್ ರಾತ್ರಿಯ ದೊಡ್ಡ ಊಟ ಬೇಯಿಸಿದ್ದು ಅಜ್ಜಿಯೇ. ಕೇಕ್ ಮಾತ್ರ ಗಂಡಸರ ಪಾಲು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಕ್ಕೆ ಕೈ ಕೊಡುವುದು ಸುಲಭ. ಎರಡು ವಾರದ ಕುಸ್ವಾರಿಗೆ ಯಾರು ಕೈ ಕೊಡುತ್ತಿದ್ದರೋ ಹೇಳಲಾರೆ. ಆ ಚಾಪೆಯ ಮೇಲೆ ಬರೀ ಬೆನ್ನುನೋವು ಇರಲಿಲ್ಲ, ಅದೂ ನಿಜ. ದೊಡ್ಡಮ್ಮ ತನ್ನ ಮದುವೆಯ ಕತೆ ಹೇಳಿದ್ದು ಅಲ್ಲೇ. ಅಮ್ಮ ಜೋರಾಗಿ ನಗುವುದನ್ನು ನಾನು ಕೇಳಿದ್ದು ಹೆಚ್ಚಾಗಿ ಅಲ್ಲೇ. ಗಂಡಸರು ಬಂದು ಕೂತಿದ್ದರೆ ಆ ಮಾತುಗಳು ಬರುತ್ತಿದ್ದವೋ ಇಲ್ಲವೋ.

ಆದರೂ ನನ್ನ ಮನಸ್ಸು ಬದಲಾಗಿಲ್ಲ. ತಟ್ಟೆ ಹೊರಗೆ ಹೋಗಬೇಕು ಎಂದಾದರೆ ಅದನ್ನು ತುಂಬಲು ಮನೆಯ ಎಲ್ಲರೂ ಬರಬೇಕು. ತಮ್ಮನಿಗೆ ಹೇಳಿದ್ದೇನೆ, ಈ ಡಿಸೆಂಬರ್‌ನಲ್ಲಿ ನಾನು ಊರಿಗೆ ಬರುತ್ತೇನೆ, ನೀನೂ ನಿನ್ನ ಇಬ್ಬರು ಗಂಡುಮಕ್ಕಳೂ ರಜೆಯಲ್ಲಿ ಚಾಪೆಯ ಮೇಲೆ ಕೂರಬೇಕು, ಬಾಚಣಿಗೆ ನಾನು ತರುತ್ತೇನೆ ಎಂದು. ಐದು ಬಗೆ ಬೇಡ, ಕಿಡಿಯೊ ಒಂದೇ ಸಾಕು. ಅವನು ಹೂಂ ಅಂದಿದ್ದಾನೆ.

ಅಮ್ಮನಿಗೂ ಹೇಳಿದೆ. ಅವರಿಗೆ ಅಷ್ಟು ಹಿಡಿಸಲಿಲ್ಲ. "ಗಂಡಸರು ಸುತ್ತಿದ್ರೆ ಕಿಡಿಯೊ ದಪ್ಪ ಆಗ್ತದೆ. ಒಳಗೆ ಬೇಯುವುದಿಲ್ಲ" ಅಂದರು.

ದಪ್ಪ ಆಗಲಿ ಅಮ್ಮ. ಉರಿ ಸಣ್ಣ ಮಾಡಿ ಸ್ವಲ್ಪ ಜಾಸ್ತಿ ಹೊತ್ತು ಎಣ್ಣೆಯಲ್ಲಿ ಬಿಡುವಾ.